ಹಳದಿ

ಗಣಿಗೆ ಬೀಗ ಬಿದ್ದ ವರ್ಷ, ಕೈಗೆ ಬಂದ ಪರಿಹಾರದಲ್ಲಿ
ಕೆಲವರು ಕಾರು ಕೊಂಡರು.
ಪಕ್ಕದ ಮನೆಯ ಹಾವೆಲ್ ಸ್ಪೇನಿಗೆ ಹೋಗಿ
ಬೆನ್ನು ಸುಟ್ಟುಕೊಂಡು ಬಂದ.
ನಮ್ಮ ಎಮ್ಲಿನ್ ಹಿತ್ತಲು ಅಗೆದ.
'ಇಪ್ಪತ್ತಾರು ವರ್ಷ ಅಗೆದದ್ದು ಸಾಲದೇನು?' ಅಂದೆ.
'ಇದಕ್ಕೆ ಸೂರಿಲ್ಲ ನೆಸ್ಟಾ, ತಲೆ ಮೇಲೆ ಬೀಳುವುದಿಲ್ಲ' ಅಂದ.

ವೇಲ್ಸಿನ ಈ ಕಣಿವೆಯಲ್ಲಿ ಒಂದರ ಹೆಗಲಿಗೊಂದು ಆತುಕೊಂಡ ಮನೆಗಳು,
ಹಿಂದೆ ಅಂಗೈಯಗಲದ ಹಿತ್ತಲು.
ನಮ್ಮದರಲ್ಲಿ ಒಂಬತ್ತು ಕೋಯ್ ಮೀನು.
ಕುತ್ತಿಗೆಗೆ ಕೇಸರಿ ಸರ ಇರುವವನು ಮೇಯರ್.
ಸದಾ ಬಾಯಿ ಆಡಿಸುವ ಬಿಳಿಯವಳಿಗೆ
ನನ್ನಮ್ಮನ ಹೆಸರು. ಇಟ್ಟದ್ದು ಅವನೇ.

ಈಗ ಅವನು ಆಸ್ಪತ್ರೆಯಲ್ಲಿ, ಮೂಗಿಗೆ ನಳಿಕೆ.
ಇಲ್ಲಿ ನಾನು, ಕೈಯಲ್ಲಿ ಅವನು ಬರೆದುಕೊಟ್ಟ ಲಕೋಟೆ:

ನಲ್ಲಿ ನೀರು ನೇರ ಬಿಡಬೇಡ,
ಅದರ ಕ್ಲೋರಿನ್ ನಮಗೆ ಆದೀತು, ಅವಕ್ಕೆ ಆಗದು.
ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಕಾಳು.
ಫಿಲ್ಟರಿನ ಸ್ಪಂಜನ್ನು ಕೊಳದ ನೀರಲ್ಲೇ ಜಾಲಿಸು,
ನಿನ್ನ ಪಾತ್ರೆಗಳ ಹಾಗೆ ತಿಕ್ಕೀಯೆ, ಜೋಕೆ;
ಆ ಕಂದು ಲೋಳೆಯೇ ನಮ್ಮ ರಾತ್ರಿ ಪಾಳಿ.
ಗಾಳಿ ಪಂಪು ನಿಲ್ಲಕೂಡದು.
(ಕೊನೆಯದಕ್ಕೆ ಎರಡು ಅಡಿಗೆರೆ.)

'ಎಷ್ಟು ತಿಳಿಯಾಗಿದೆ!' ಅಂತಾರೆ ಬೇಲಿಯಾಚೆಯಿಂದ ಬಗ್ಗಿದವರು.
ತಿಳಿಯಾದದ್ದೆಲ್ಲ ಒಳ್ಳೆಯದಲ್ಲವೆಂದು
ಅವನಿಗೆ ನೆಲದಡಿಯಲ್ಲೇ ಗೊತ್ತಾಗಿತ್ತು.
ಅಲ್ಲಿ ಕೊಲ್ಲುವ ಗಾಳಿಗೂ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ;
ದೀಪ ಎತ್ತಿ ಹಿಡಿದು
ಜ್ವಾಲೆಯ ನೆತ್ತಿ ನೀಲಿಯಾಯಿತೇ ನೋಡಬೇಕಿತ್ತು.
ಇಲ್ಲಿ ಗಾಜಿನ ಕೊಳವೆ, ಎಂಟು ಹನಿ ಔಷಧಿ, ಐದು ನಿಮಿಷ.
ಹಳದಿಯಾದರೆ ಕ್ಷೇಮ.
ಹಸಿರಾದರೆ ಅಮೋನಿಯಾ.

ದಿನಾ ಸಂಜೆ ಆರಕ್ಕೆ ಫೋನು.
ನಾನು ಹೇಗಿದ್ದೇನೆಂದು ಕೇಳುವುದಿಲ್ಲ ಪುಣ್ಯಾತ್ಮ.
'ಬಣ್ಣ?'
'ಹಳದಿ.'
'ಸರಿ.'
ಆಮೇಲೆ ಅವನ ಉಸಿರು, ಅದರ ಹಿಂದೆ ಯಂತ್ರದ ಉಸಿರು.

ಗುರುವಾರ ಕೊಳವೆ ಹಸಿರಾಯಿತು.

ಯಾಕೆಂದು ನನಗೆ ಗೊತ್ತಿತ್ತು.
ಕಿಟಕಿ ಬಳಿ ಸುಳಿದಾಗೆಲ್ಲ ಒಂಬತ್ತೂ ಬಾಯಿ ಮೇಲೆ ಬರುತ್ತಿದ್ದವು.
ಒಬ್ಬಳಿಗಾಗಿ ಒಲೆ ಹಚ್ಚಲು ಮನಸ್ಸಾಗದೆ
ಒಂದು ಹಿಡಿ ಕಾಳು ಎರಚಿದೆ, ಪಾಪ ಅಂತ ಇನ್ನೊಂದು ಹಿಡಿ.
ತಿನ್ನದೆ ಉಳಿದ ಪಾಪ ತಳ ಸೇರಿ ಕೊಳೆಯಿತು.

ಅಂದು ರಾತ್ರಿ ನೈಟಿಯ ಮೇಲೆ ಅವನ ಮಳೆಕೋಟು ತೊಟ್ಟು
ಕಾಲು ಭಾಗ ನೀರು ಹೊರಗೆ ಹೊಯ್ದೆ.
ಪೀಪಾಯಿಯಲ್ಲಿ ಪುಡಿ ಕದಡಿಟ್ಟ ಹೊಸ ನೀರು,
ಬಕೆಟಿನ ಮೇಲೆ ಬಕೆಟು, ಮೊಣಕಾಲು ನೋಯುವವರೆಗೆ.
ನನ್ನಮ್ಮ ತಳದಲ್ಲಿ ರೆಕ್ಕೆ ಮುದುರಿ ಮಲಗಿದ್ದಳು.
'ಏಳೇ' ಅಂದೆ. ಏಳಲಿಲ್ಲ.

ಆ ಸಂಜೆ ಅವನಿಗೆ ಹೇಳಿದ್ದು ಹಳದಿ.
ಶುಕ್ರವಾರ ಹಸಿರು ತುಸು ತೆಳು. ಹಳದಿ ಅಂದೆ.
ಶನಿವಾರ ಮತ್ತೆ ಕಾಲು ಭಾಗ ನೀರು, ಕೊಳವೆಯಲ್ಲಿ ಎಳೆ ನಿಂಬೆಯ ಬಣ್ಣ;
ಆಗ ಹೇಳಿದ್ದು ಅರ್ಧ ಸುಳ್ಳು.
ಕಾಳು ನಿಲ್ಲಿಸಿದ್ದೆ.
ದಂಡೆಯುದ್ದಕ್ಕೂ ನನ್ನ ನೆರಳಿನ ಜೊತೆ ಈಜಿದ ಮೇಯರ್.
ಅವನ ಮುಖ ನೋಡಲಿಲ್ಲ.

ಸೋಮವಾರ ಅಮ್ಮ ಮೇಲೆದ್ದು ಬಾಯಿ ಆಡಿಸಿದಳು,
ಮೊದಲಿನ ಹಾಗೇ, ಬೈಯುವಂತೆ.
ಕೊಳವೆಯನ್ನು ಬೆಳಕಿಗೆ ಹಿಡಿದೆ, ಕನ್ನಡಕ ಒರೆಸಿ ಮತ್ತೆ ಹಿಡಿದೆ.

'ಬಣ್ಣ?'
'ಹಳದಿ.'
ಸರಿ ಅನ್ನಲಿಲ್ಲ ಅವನು.
ಯಂತ್ರ ಎರಡು ಸಲ ಉಸಿರಾಡಿತು.
'ಇವತ್ತು ಉಸಿರೆಳೆದುಕೊಳ್ಳದೆ ಹೇಳಿದೆ' ಅಂದ.
'ಎಷ್ಟು ನೀರು ಬದಲಿಸಿದೆ?'
'ಕಾಲು ಭಾಗ. ಎರಡು ಸಲ.'
'ಸರಿ.'
ಆಮೇಲೆ, ಇಡುವ ಮುಂಚೆ,
'ನಿನ್ನ ಊಟ ಆಯಿತಾ?'

'ಆಯಿತು' ಅಂದೆ,
ಒಮ್ಮೆ ಉಸಿರೆಳೆದುಕೊಂಡು.